ಲಿಂಗದಲ್ಲಿ ಬೆರೆತವರಿಗೆ ಎಡೆ ಯಾಕೆ?

ಪ್ರಶ್ನೆ: ನಾವು ದಾವಣಗೆರೆ ಕಡೆಯ ಲಿಂಗಾಯತರು. ಈಗ ಬೆಂಗಳೂರಿನಲ್ಲಿದ್ದೇವೆ. ಹೋದ ವರ್ಷ ಅಪ್ಪ ತೀರಿಕೊಂಡರು. ನಮ್ಮ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡಿದೆವು. ಈಗ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿದೆ. ‘ಹಿರಿಯರಿಗೆ ಎಡೆ ಇಡದಿದ್ದರೆ ಮನೆಗೆ ಒಳ್ಳೇದಾಗಲ್ಲ’ ಅಂತ ದೊಡ್ಡಪ್ಪ ಹೇಳುತ್ತಾರೆ. ‘ಲಿಂಗದಲ್ಲಿ ಬೆರೆತವರು ಮತ್ತೆ ಊಟಕ್ಕೆ ಯಾಕೆ ಬರ್ತಾರೆ’ ಅಂತ ಅಮ್ಮ ಕೇಳುತ್ತಾರೆ. ನನಗೆ ಸ್ವರ್ಗ, ಪುನರ್ಜನ್ಮ ಯಾವುದರಲ್ಲೂ ನಂಬಿಕೆ ಇಲ್ಲ. ಆದರೂ ಎಡೆ ಬಿಟ್ಟುಬಿಡೋಕೆ ಒಳಗೊಳಗೇ ಹೆದರಿಕೆ. ನಂಬದೆ ಮಾಡಿದರೆ ಅದು ನಾಟಕ ಅಲ್ವಾ? ಜೊತೆಗೆ ಏಳು ವರ್ಷದ ಮಗಳು ‘ಅಜ್ಜ ಈಗ ಎಲ್ಲಿದ್ದಾರೆ’ ಅಂತ ಬೇರೆ ಕೇಳುತ್ತಾಳೆ. ಏನು ಹೇಳಲಿ?

ಉತ್ತರ: ಮೊದಲು ಮನೆಯ ಜಗಳ ಬಿಡಿಸೋಣ. ಲಿಂಗಾಯತ ತತ್ವದ ಪ್ರಕಾರ ನಿಮ್ಮ ಅಮ್ಮ ಹೇಳುವುದು ಸರಿ. ರೂಢಿಯ ಪ್ರಕಾರ ದೊಡ್ಡಪ್ಪ ಹೊಸದೇನನ್ನೂ ಹೇಳುತ್ತಿಲ್ಲ. ಎಡೆ ಇಡದಿದ್ದರೆ ಕೇಡಾಗುತ್ತದೆ ಅನ್ನುವ ಬಾಲ ಮಾತ್ರ ಬೇರೆ ಕಡೆಯಿಂದ ಬಂದು ಅಂಟಿಕೊಂಡಿದೆ. ಅದನ್ನು ಆಮೇಲೆ ನೋಡೋಣ.

ನಿಮ್ಮ ತಂದೆಯ ಸಮಾಧಿಯನ್ನೇ ಒಮ್ಮೆ ನೆನಪಿಸಿಕೊಳ್ಳಿ. ಸ್ನಾನ ಮಾಡಿಸಿ, ಮೈಗೆ ವಿಭೂತಿ ಹಚ್ಚಿ, ವಿಮಾನ ಅನ್ನುವ ಅಲಂಕರಿಸಿದ ಚಟ್ಟದಲ್ಲಿ ಕೂರಿಸಿ, ಭಜನೆಯೊಂದಿಗೆ ಕರೆದೊಯ್ದಿರುತ್ತೀರಿ. ಕುಣಿಯಲ್ಲಿ ಪದ್ಮಾಸನ ಹಾಕಿಸಿ, ಎಡಗೈಯಲ್ಲಿ ಅವರ ಇಷ್ಟಲಿಂಗ ಇಟ್ಟು, ಸುತ್ತ ವಿಭೂತಿ, ಪತ್ರೆ, ಉಪ್ಪು ತುಂಬಿರುತ್ತೀರಿ. 2019ರ ಜನವರಿಯಲ್ಲಿ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರ ಕ್ರಿಯಾಸಮಾಧಿಯನ್ನು ಟಿವಿಯಲ್ಲಿ ನೋಡಿದವರಿಗೂ ಈ ಕ್ರಮ ಗೊತ್ತಿರುತ್ತದೆ. ಇದು ಪೂಜೆಗೆ ಕೂತವರ ಭಂಗಿ. ಬದುಕಿದ್ದಾಗ ದಿನಾ ಬೆಳಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಹೇಗೆ ಕೂರುತ್ತಿದ್ದರೋ ಹಾಗೇ ಕೊನೆಗೂ ಕೂರಿಸುತ್ತಾರೆ. ಸತ್ತವರು ಎಲ್ಲಿಗೋ ದೂರ ಹೊರಟಿದ್ದಾರೆ, ದಾರಿಯಲ್ಲಿ ಹಸಿವಾಗುತ್ತದೆ ಅನ್ನುವ ಸುಳಿವೇ ಅಲ್ಲಿಲ್ಲ. 12ನೇ ಶತಮಾನದ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು. ಸಾವಿನ ಸೂತಕ ಅದರಲ್ಲಿ ಒಂದು. ಮೈಲಿಗೆ ಇಲ್ಲ ಅಂದ ಮೇಲೆ ಅದನ್ನು ತೊಳೆಯುವ ಶ್ರಾದ್ಧವೂ ಬೇಕಿಲ್ಲ, ಪಿಂಡವೂ ಬೇಕಿಲ್ಲ. ಮರಣವೇ ಮಹಾನವಮಿ ಅನ್ನುವ ಮಾತು ನಿಮ್ಮ ಊರಿನಲ್ಲೂ ಕೇಳಿರುತ್ತೀರಿ.

ಹಾಗಿದ್ದರೂ ಹಿರಿಯರ ಪೂಜೆ ಲಿಂಗಾಯತ ಮನೆಗಳಲ್ಲಿ ನಡೆಯುತ್ತದೆ. ಕೆಲವು ಕಡೆ ಮಹಾಲಯಕ್ಕೆ, ಕೆಲವು ಕಡೆ ದೀಪಾವಳಿಗೆ. ಸಮಾಧಿ ಮಾಡಿದ ಮೂರನೇ ದಿನವೋ ಐದನೇ ದಿನವೋ ಹಾಲು-ತುಪ್ಪ ಬಿಡುವವರೂ ಇದ್ದಾರೆ. ಅಕ್ಕಪಕ್ಕದವರನ್ನು ನೋಡಿ ಕಲಿತದ್ದು ಅಂತ ಹೇಳಿ ಮುಗಿಸಿಬಿಡಬಹುದು. ಪೂರ್ತಿ ಸುಳ್ಳೇನಲ್ಲ. ಆದರೆ ತಮಾಷೆ ಏನೆಂದರೆ, ಆ ಅಕ್ಕಪಕ್ಕದ ಮನೆಗಳಲ್ಲೂ ಇದೇ ಗೊಂದಲ ಇದೆ.

ವೈದಿಕ ಮನೆಯ ಕ್ರಮ ನೋಡಿ. ಸತ್ತ ಮೇಲೆ ಹತ್ತು ದಿನ ಪಿಂಡ ಇಡುತ್ತಾರೆ. ಒಂದೊಂದು ದಿನದ ಪಿಂಡದಿಂದ ಪ್ರೇತಕ್ಕೆ ಒಂದೊಂದು ಅಂಗ ಕೂಡಿ ಶರೀರ ಬೆಳೆಯುತ್ತದೆ ಅನ್ನುವುದು ನಂಬಿಕೆ. 12ನೇ ದಿನ ಸಪಿಂಡೀಕರಣ. ಅವತ್ತು ಸತ್ತವರ ಹೆಸರಿನಲ್ಲಿ ಉದ್ದನೆಯ ಒಂದು ಪಿಂಡ ಮಾಡುತ್ತಾರೆ. ಅವರ ತಂದೆ, ಅಜ್ಜ, ಮುತ್ತಜ್ಜನ ಹೆಸರಿನಲ್ಲಿ ಮೂರು ಉಂಡೆ. ಮಗ ಆ ಉದ್ದ ಪಿಂಡವನ್ನು ಮೂರು ತುಂಡು ಮಾಡಿ ಒಂದೊಂದನ್ನು ಒಂದೊಂದು ಉಂಡೆಯ ಜೊತೆ ಕಲಸುತ್ತಾನೆ. ಕಲಸಿದ ಮೇಲೆ ಯಾವುದು ಅಪ್ಪ, ಯಾವುದು ಅಜ್ಜ ಅಂತ ಬೇರೆ ಮಾಡೋಕೆ ಆಗುವುದಿಲ್ಲ. ಅಲ್ಲಿಗೆ ಪ್ರೇತವಾಗಿದ್ದವರು ಪಿತೃಗಳ ಸಾಲಿಗೆ ಸೇರಿದರು. ಇನ್ನು ಮೇಲೆ ಶ್ರಾದ್ಧದಲ್ಲಿ ತಂದೆ ವಸು, ಅಜ್ಜ ರುದ್ರ, ಮುತ್ತಜ್ಜ ಆದಿತ್ಯ ಅನ್ನುವ ದೇವತೆಗಳ ರೂಪ. ಹೊಸಬರು ಒಬ್ಬರು ಬಂದರೆ ನಾಲ್ಕನೇ ತಲೆಮಾರಿನವರು ಪಿಂಡದ ಸಾಲಿನಿಂದ ಆಚೆ ಸರಿಯುತ್ತಾರೆ.

ಇದರಲ್ಲಿ ಪುನರ್ಜನ್ಮ ಎಲ್ಲಿದೆ? ಅಪ್ಪ ಇನ್ನೊಂದು ಹೊಟ್ಟೆಯಲ್ಲಿ ಹುಟ್ಟಿಬಿಟ್ಟಿದ್ದರೆ ಈ ಉಂಡೆ ಯಾರಿಗೆ? ಇದು ಹಳೇ ತಕರಾರು. ಋಗ್ವೇದದಲ್ಲಿ ಸತ್ತವರು ಯಮನ ಬಳಿಗೆ, ಪಿತೃಗಳ ಜೊತೆಗೆ ಹೋಗುತ್ತಾರೆ. ಮತ್ತೆ ಮತ್ತೆ ಹುಟ್ಟುವ ಲೆಕ್ಕಾಚಾರ ಸ್ಪಷ್ಟವಾಗಿ ಕಾಣಿಸುವುದು ಉಪನಿಷತ್ತುಗಳಲ್ಲಿ. ಹೊಸ ವಿಚಾರ ಬಂತು ಅಂತ ಹಳೇ ಆಚರಣೆಯನ್ನು ಯಾರೂ ಬಿಡಲಿಲ್ಲ. ಎರಡನ್ನೂ ಇಟ್ಟುಕೊಂಡರು. ಪುರಾಣದವರು ಮಧ್ಯೆ ಒಂದು ಜಾಣ ತೇಪೆ ಹಾಕಿದರು: ಸತ್ತವರು ದೇವತೆಯಾಗಿ ಹುಟ್ಟಿದ್ದರೆ ನೀವು ಕೊಟ್ಟದ್ದು ಅಮೃತವಾಗಿ ಸೇರುತ್ತದೆ, ದನವಾಗಿ ಹುಟ್ಟಿದ್ದರೆ ಹುಲ್ಲಾಗಿ ಸೇರುತ್ತದೆ.

ಪರಲೋಕವನ್ನೇ ಒಪ್ಪದ ಚಾರ್ವಾಕರು ಇದನ್ನು ಸುಮ್ನೆ ಬಿಡಲಿಲ್ಲ. ಇಲ್ಲಿ ಬಡಿಸಿದ್ದು ಸತ್ತವರಿಗೆ ತಲುಪುತ್ತದೆ ಅಂತಾದರೆ, ಊರಿಗೆ ಹೊರಟವನಿಗೆ ಬುತ್ತಿ ಯಾಕೆ ಕಟ್ಟುತ್ತೀರಿ, ಅವನ ಹೆಸರಿನಲ್ಲಿ ಮನೆಯಲ್ಲೇ ಯಾರಿಗಾದರೂ ಊಟ ಹಾಕಿ ಅಂದರು. ಮಹಡಿ ಮೇಲೆ ಇರುವವನಿಗೆ ಕೆಳಗೇ ಬಡಿಸಿ ನೋಡಿ, ಹೊಟ್ಟೆ ತುಂಬುತ್ತದಾ ಅಂತ ಕೇಳಿದರು. ನನಗೆ ಇದಕ್ಕಿಂತ ಇಷ್ಟವಾಗುವ ಸಂಗತಿ ಬೇರೆ. ಈ ಕುಹಕ ನಮ್ಮವರೆಗೆ ಉಳಿದು ಬಂದದ್ದು ಮುಖ್ಯವಾಗಿ 14ನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಒಬ್ಬ ವೇದಾಂತಿ ಬರೆದ ಗ್ರಂಥದಿಂದ. ಅಂದರೆ ನಿಮಗೆ ಬಂದಿರುವ ಅನುಮಾನ ಬೆಂಗಳೂರಿಗೆ ಬಂದು ಓದಿಕೊಂಡಿದ್ದರಿಂದ ಹುಟ್ಟಿದ್ದಲ್ಲ. ಈ ನೆಲದಲ್ಲಿ ಮೊದಲಿನಿಂದಲೂ ಇದೆ. ಕಠೋಪನಿಷತ್ತಿನ ನಚಿಕೇತ ಇದನ್ನೇ ಯಮನ ಎದುರು ನಿಂತು ಕೇಳುತ್ತಾನೆ. ಸತ್ತ ಮೇಲೆ ಇದ್ದಾನೆ ಅಂತ ಕೆಲವರು, ಇಲ್ಲ ಅಂತ ಕೆಲವರು, ಯಾವುದು ನಿಜ? ಯಮ ಮೊದಲು ಮಾಡುವ ಕೆಲಸ ಜಾರಿಕೊಳ್ಳುವುದು. ದೇವತೆಗಳಿಗೇ ಇದು ಬಗೆಹರಿದಿಲ್ಲ, ಬೇರೆ ವರ ಕೇಳು ಅನ್ನುತ್ತಾನೆ.

ಜೈನರ ಲೆಕ್ಕ ಇನ್ನೂ ಖಡಕ್. ಜೀವ ಒಂದು ದೇಹ ಬಿಟ್ಟ ತಕ್ಷಣ ಇನ್ನೊಂದರಲ್ಲಿ ಸೇರುತ್ತದೆ. ಮಧ್ಯೆ ಅಲೆದಾಡುವ ಪ್ರೇತಕ್ಕೆ ಜಾಗವೇ ಇಲ್ಲ. ಹಾಗಾಗಿ ಪಿಂಡಕ್ಕೂ ಕೆಲಸವಿಲ್ಲ. ಅವರ ಗಮನವೆಲ್ಲ ಸಾಯುವ ಮೊದಲಿನ ದಿನಗಳ ಮೇಲೆ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸಲ್ಲೇಖನದಿಂದ, ಅಂದರೆ ಅನ್ನ ನೀರು ಬಿಡುತ್ತ ಬರುವ ವ್ರತದಿಂದ, ದೇಹ ಬಿಟ್ಟವರ ಹೆಸರುಗಳಿವೆ. 982ರಲ್ಲಿ ರಾಷ್ಟ್ರಕೂಟರ ನಾಲ್ಕನೇ ಇಂದ್ರ ಅಲ್ಲೇ ಆ ವ್ರತ ಹಿಡಿದು ತೀರಿಕೊಂಡ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮ ಅಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅದು ಬೇರೆಯೇ ಚರ್ಚೆ, ಇಲ್ಲಿ ಬೇಡ.

ಈಗ ನಿಮ್ಮ ಊರಿನ ಹೊಲದ ಬದುವಿಗೆ ಬನ್ನಿ. ಅಲ್ಲಿ ಎಲ್ಲಾದರೂ ಒಂದು ವೀರಗಲ್ಲು ಇದ್ದೇ ಇರುತ್ತದೆ. ಸಾಮಾನ್ಯವಾಗಿ ಮೂರು ಹಂತ. ಕೆಳಗೆ ಕಾಳಗ, ತುರು ಕಾಯುತ್ತ ಬಿದ್ದವನು. ಮಧ್ಯೆ ಅವನನ್ನು ಆಚೀಚೆ ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ಮನುಷ್ಯ. ಕೆತ್ತಿಸಿದವರು ಸ್ವರ್ಗವನ್ನು ನಂಬಿದ್ದರು, ನಿಜ. ಆದರೆ ಅವನನ್ನು ಸ್ವರ್ಗಕ್ಕೆ ಕಳಿಸಿ ಸುಮ್ಮನಾಗಲಿಲ್ಲ. ಊರಿನ ಬಾಯಲ್ಲೇ ಕಲ್ಲು ನಿಲ್ಲಿಸಿ, ಅದಕ್ಕೆ ಪೂಜೆ ಆಗಬೇಕು ಅಂತ ಭೂಮಿ ಬಿಟ್ಟರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ 10ನೇ ಶತಮಾನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹತ್ತಿರದಲ್ಲೇ ಇದ್ದೀರಿ, ಮಗಳನ್ನು ಕರೆದುಕೊಂಡು ಹೋಗಿ. ಅದು ಕಾಳಿ ಅನ್ನುವ ನಾಯಿಯ ನೆನಪಿನ ಕಲ್ಲು. ಹಂದಿಯ ಜೊತೆ ಕಾದಾಡಿ ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೆರ ಅನ್ನುವ ವೀರ ತನ್ನ ನಾಯಿಗಾಗಿ ಕಲ್ಲು ನಿಲ್ಲಿಸಿದ. ಈ ಕಲ್ಲನ್ನು ಪೂಜಿಸದೆ ಗೊರವ (ಶೈವ ಪೂಜಾರಿ) ಊಟ ಮಾಡಿದರೆ ಅವನಿಗೆ ಪಾಪ ಅಂತ ಶಾಸನದಲ್ಲಿ ಬರೆಸಿದ. ನಾಯಿಗೆ ಮೋಕ್ಷ ಉಂಟೋ ಇಲ್ಲವೋ ಅಂತ ಅವನು ಯಾರನ್ನೂ ಕೇಳಿದ ಹಾಗೆ ಕಾಣುವುದಿಲ್ಲ. ತನ್ನ ನಾಯಿಯನ್ನು ಮರೆಯಬಾರದು, ಅಷ್ಟೇ.

ನಿಮ್ಮ ಪ್ರಶ್ನೆಗೆ ಇದೇ ನನ್ನ ಉತ್ತರದ ತಿರುಳು. ಸತ್ತವರು ಎಲ್ಲಿಗೆ ಹೋದರು ಅನ್ನುವುದು ತತ್ವದ ಪ್ರಶ್ನೆ. ಸತ್ತವರು ಇನ್ನು ನಮಗೆ ಏನಾಗಬೇಕು ಅನ್ನುವುದು ಮನೆಯ ಪ್ರಶ್ನೆ. ಎಡೆ, ಕಲ್ಲು, ಪಿಂಡ ಇವೆಲ್ಲ ಎರಡನೆಯದಕ್ಕೆ ಕಂಡುಕೊಂಡ ದಾರಿಗಳು. ಮೊದಲನೆಯದು ಬಗೆಹರಿಯಲಿ ಅಂತ ಯಾವ ಮನೆಯವರೂ ಕಾದು ಕೂತಿಲ್ಲ.

ಹಳೇ ಮೈಸೂರು ಕಡೆ ಮಾರ್ಲಾಮಿ, ಅಂದರೆ ಹಿರಿಯರ ಹಬ್ಬದ, ಎಡೆ ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕಳಸದ ಮುಂದೆ ಹೊಸ ಪಂಚೆ, ಹೊಸ ಸೀರೆ. ಬಾಳೆ ಎಲೆಯಲ್ಲಿ ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಬೀಡಿ ಕಟ್ಟು, ಬೆಂಕಿಪೊಟ್ಟಣ, ಒಂದು ಸಣ್ಣ ಬಾಟಲಿ ಬ್ರಾಂದಿ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಹಿರಿಯರು ಊಟ ಮಾಡುವಾಗ ನೋಡಬಾರದಂತೆ. ಬದುಕಿದ್ದಾಗ ಬೀಡಿ ಸೇದಬೇಡಿ ಅಂತ ದಿನಾ ಬೈದ ಸೊಸೆಯೇ ಅವತ್ತು ಅಂಗಡಿಗೆ ಆಳು ಕಳಿಸಿ ಅದೇ ಮಾರ್ಕಿನ ಬೀಡಿ ತರಿಸುತ್ತಾಳೆ. ಮಾವನ ಆತ್ಮ ಯಾವ ಲೋಕದಲ್ಲಿದೆ ಅಂತ ಕೇಳಿದರೆ ‘ಯಾರಿಗ್ ಗೊತ್ತಪ್ಪ’ ಅಂತಾಳೆ. ಯಾವ ಬೀಡಿ ಅನ್ನುವುದು ಮಾತ್ರ ಖಚಿತವಾಗಿ ಗೊತ್ತು.

ಕೊಡಗಿನಲ್ಲಿ ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ ಹತ್ತಿರ ಕೈಮಡ ಅನ್ನುವ ಹಿರಿಯರ ಗುಡಿ ಇರುತ್ತದೆ. ಕುಟುಂಬದ ಹಿರಿಯರಿಗೆ ಮಾಂಸ, ಮದ್ಯ ಇಟ್ಟು ಕಾರಣಂಗ್ ಕೊಡ್ಪ (ಹಿರಿಯರಿಗೆ ಕೊಡುವುದು) ಮಾಡುತ್ತಾರೆ. ತುಳುನಾಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಮದುವೆಗೆ ಮೊದಲೇ ಸತ್ತ ಮಗನಿಗೆ, ಮಗಳಿಗೆ ಅವರ ವಯಸ್ಸು ಬಂದಾಗ ಮದುವೆ ಮಾಡುತ್ತಾರೆ. ಸಂಬಂಧ ನೋಡಿ, ಬಳಿ (ಕುಲ) ಕೇಳಿ, ಸೀರೆ ಕರಿಮಣಿ ತಂದು, ಊಟ ಹಾಕಿ ಮಾಡುವ ಮದುವೆ ಅದು. 2024ರಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ 30 ವರ್ಷದ ಹಿಂದೆ ತೀರಿಹೋದ ಹೆಣ್ಣುಮಗುವಿಗೆ ವರ ಬೇಕು ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ದೇಶವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. 30 ವರ್ಷ ಆದ ಮೇಲೂ ಆ ಮಗುವಿನ ವಯಸ್ಸನ್ನು ಲೆಕ್ಕ ಇಟ್ಟ ಮನೆ ಅದು.

ಇದು ಹಿಂದೂಗಳಿಗೆ ಮಾತ್ರ ಸೇರಿದ ವಿಚಾರ ಅಂದುಕೊಳ್ಳಬೇಡಿ. ಮಂಗಳೂರಿನ ಕ್ಯಾಥೊಲಿಕರು ನವೆಂಬರ್ 2ರಂದು ಗೋರಿಗಳಿಗೆ ಹೂವು, ಮೊಂಬತ್ತಿ ಇಡುತ್ತಾರೆ. ಮುಸ್ಲಿಂ ಮನೆಗಳಲ್ಲಿ ಮೂರನೇ ದಿನದ ಜಿಯಾರತ್, ನಲವತ್ತನೇ ದಿನದ ಫಾತಿಹಾ ಇರುತ್ತದೆ. ಅವರಲ್ಲೂ ಇದು ಧರ್ಮದಲ್ಲಿಲ್ಲ ಅಂತ ವಾದ ಮಾಡುವ ಒಬ್ಬ ಓದಿದ ಅಳಿಯ ಇದ್ದೇ ಇರುತ್ತಾನೆ. ನಿಮ್ಮ ಅಮ್ಮ-ದೊಡ್ಡಪ್ಪನ ಜಗಳ ಎಲ್ಲ ಮನೆಯಲ್ಲೂ ಇದೆ ಬಿಡಿ.

ಒಂದು ಅಂಕಿಅಂಶ ಕೊಡುತ್ತೇನೆ. 2021ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ ಭಾರತದ ಧರ್ಮದ ಬಗ್ಗೆ ದೊಡ್ಡ ಸಮೀಕ್ಷೆಯೊಂದನ್ನು ಪ್ರಕಟಿಸಿತು. ಸುಮಾರು 30,000 ಜನರನ್ನು ಮಾತಾಡಿಸಿ ಮಾಡಿದ್ದು. ಅದರಲ್ಲಿ ಕರ್ಮವನ್ನು ನಂಬುತ್ತೇವೆ ಅಂದ ಹಿಂದೂಗಳು ಶೇ. 77. ಪುನರ್ಜನ್ಮವನ್ನು ನಂಬುತ್ತೇವೆ ಅಂದವರು ಶೇ. 40 ಮಾತ್ರ. ಇತ್ತ ಮುಸ್ಲಿಮರಲ್ಲೂ ಕರ್ಮವನ್ನು ನಂಬುವವರು ಶೇ. 77, ಪುನರ್ಜನ್ಮವನ್ನು ನಂಬುವವರು ಶೇ. 27. ಪುಸ್ತಕದ ಪ್ರಕಾರ ನೋಡಿದರೆ ಪುನರ್ಜನ್ಮದ ವಿಚಾರದಲ್ಲಿ ಹಿಂದೂಗಳ ಶೇ. 40 ತೀರಾ ಕಡಿಮೆ, ಮುಸ್ಲಿಮರ ಶೇ. 27 ತೀರಾ ಜಾಸ್ತಿ. ಪುಸ್ತಕ ಒಂದು ದಾರಿ, ಜನ ಒಂದು ದಾರಿ. ಪಿತೃಪಕ್ಷದಲ್ಲಿ ಎಡೆ ಇಡುವವರಲ್ಲಿ ನಿಮ್ಮಂತೆ ಅನುಮಾನ ಇಟ್ಟುಕೊಂಡವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಹೇಳಿಕೊಳ್ಳುವುದಿಲ್ಲ ಅಷ್ಟೇ.

ಇದನ್ನು ಚೆನ್ನಾಗಿ ಹಿಡಿದವನು ರೊಬೇರ್ ಹರ್ಟ್ಸ್ ಅನ್ನುವ ಫ್ರೆಂಚ್ ವಿದ್ವಾಂಸ. 1907ರಲ್ಲಿ ಬೋರ್ನಿಯೊ ದ್ವೀಪದ ಡಯಾಕ್ ಜನರ ಸಾವಿನ ಆಚರಣೆಗಳ ಬಗ್ಗೆ ಬರೆದ. ಅವರು ಹೆಣವನ್ನು ಮೊದಲು ತಾತ್ಕಾಲಿಕವಾಗಿ ಇಡುತ್ತಾರೆ. ಮಾಂಸ ಕರಗಿ ಎಲುಬು ಒಣಗಿದ ಮೇಲೆ, ಎಷ್ಟೋ ತಿಂಗಳು ಕಳೆದು, ಕೆಲವೊಮ್ಮೆ ವರ್ಷಗಳೇ ಕಳೆದು, ದೊಡ್ಡ ಹಬ್ಬ ಮಾಡಿ ಕೊನೆಯ ಜಾಗಕ್ಕೆ ಸೇರಿಸುತ್ತಾರೆ. ಅಲ್ಲಿಯವರೆಗೆ ಆತ್ಮವೂ ಸತ್ತವರ ಲೋಕಕ್ಕೆ ಸೇರುವುದಿಲ್ಲ, ಮನೆಯವರೂ ದುಃಖದ ಕಟ್ಟಳೆಯಿಂದ ಹೊರಗೆ ಬರುವುದಿಲ್ಲ. ಹರ್ಟ್ಸ್ ಹೇಳಿದ್ದು ಇಷ್ಟು: ಉಸಿರು ನಿಂತ ಕ್ಷಣಕ್ಕೆ ಸಾವು ಮುಗಿಯುವುದಿಲ್ಲ. ಬದುಕಿದ್ದವರು ಅದನ್ನು ಮುಗಿಸಬೇಕು, ಅದಕ್ಕೆ ಹೊತ್ತು ಬೇಕು. ನಮ್ಮ ಹನ್ನೆರಡು ದಿನ, ವರ್ಷದ ತಿಥಿ, ಮೊದಲ ಮಹಾಲಯ ಎಲ್ಲ ಆ ಹೊತ್ತಿನ ಗುರುತುಗಳು. ಅಪ್ಪ ತೀರಿಕೊಂಡ ಮೇಲೆ ನಿಮಗೆ ಇದು ಮೊದಲ ಮಹಾಲಯ. ಈ ಪ್ರಶ್ನೆ ಈಗಲೇ ಎದ್ದದ್ದು ಆಶ್ಚರ್ಯವಲ್ಲ.

ಏನೂ ಬೇಡ ಅಂತ ಬರೆದಿಟ್ಟು ಹೋದವರೂ ನಮ್ಮಲ್ಲಿದ್ದಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ತೀರಿಕೊಂಡರು. ದೇಹವನ್ನು ಹೂಳಬೇಡಿ, ಸುಡಿ. ಬೂದಿಯನ್ನು ನದಿಯಲ್ಲೋ ಸಮುದ್ರದಲ್ಲೋ ಬಿಡಿ. ಶ್ರಾದ್ಧ ಬೇಡ, ಸ್ಮಾರಕ ಬೇಡ. ಇದನ್ನೆಲ್ಲ ಅವರು ಮೊದಲೇ ಪತ್ರದಲ್ಲಿ ಬರೆದಿಟ್ಟಿದ್ದರು. ಶಿಷ್ಯರು ಹಾಗೇ ನಡೆದುಕೊಂಡರು. ಲಿಂಗಾಯತ ಪರಂಪರೆಯ ದೊಡ್ಡ ಸ್ವಾಮಿಯೊಬ್ಬರನ್ನು ಸುಟ್ಟದ್ದು ಸಣ್ಣ ಸಂಗತಿಯಲ್ಲ. ಆದರೂ ಅವರ ನೆನಪಿನಲ್ಲಿ ಗುರುನಮನ ಅಂತ ಜನ ಸೇರುತ್ತಾರೆ, ಪ್ರವಚನ ಕೇಳುತ್ತಾರೆ. ಹೋದವರು ಬೇಡ ಅಂದರೂ ಇದ್ದವರು ಒಂದು ದಾರಿ ಮಾಡಿಕೊಂಡರು. ಪತ್ರದ ಮಾತನ್ನು ಮೀರಲೂ ಇಲ್ಲ. ನಿಮ್ಮ ತಂದೆ ಬದುಕಿದ್ದಾಗ ಈ ಬಗ್ಗೆ ಏನಾದರೂ ಹೇಳಿದ್ದರಾ? ಹೇಳಿದ್ದರೆ ನನ್ನ ಮಾತಿಗಿಂತ, ದೊಡ್ಡಪ್ಪನ ಮಾತಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಇನ್ನು ಹೆದರಿಕೆಯ ಮಾತು. ಎಡೆ ಬಿಟ್ಟರೆ ಕೇಡು ಅನ್ನುವುದಕ್ಕೆ ನಿಮ್ಮ ಧರ್ಮದಲ್ಲಿ ಆಧಾರವಿಲ್ಲ. ಲಿಂಗದಲ್ಲಿ ಬೆರೆತವರು ಮಗನ ಮೇಲೆ ಮುನಿಸಿಕೊಂಡು ಬರುತ್ತಾರೆ ಅಂದರೆ ಆ ಬೆರೆಯುವಿಕೆಗೇ ಅರ್ಥವಿಲ್ಲ. ಶ್ರಾದ್ಧ ಕಡ್ಡಾಯ ಅನ್ನುವ ಶಾಸ್ತ್ರದವರೂ ಎಳ್ಳುನೀರು ಬಿಟ್ಟರೂ ಸಾಕು ಅಂತ ಬಡವರಿಗೆ ದಾರಿ ಬಿಟ್ಟಿದ್ದಾರೆ. ಈ ಹೆದರಿಕೆಯನ್ನು ದೊಡ್ಡದು ಮಾಡುತ್ತಿರುವುದು ಇವತ್ತಿನ ವ್ಯಾಪಾರ. ಮಗುವಿಗೆ ಜ್ವರ ಬಂದರೆ ಪಿತೃದೋಷ, ಕೆಲಸ ಹೋದರೆ ಪಿತೃದೋಷ, ಪರಿಹಾರಕ್ಕೆ ಇಷ್ಟು ಸಾವಿರ. ಧನಿಷ್ಠಾ ಪಂಚಕ ಅನ್ನುವ ಕೆಟ್ಟ ನಕ್ಷತ್ರಗಳ ಹೊತ್ತಿನಲ್ಲಿ ಸತ್ತರು ಅಂತ ಹೇಳಿ ಚೆನ್ನಾಗಿರೋ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಿಸುತ್ತಾರೆ. ಗಂಡ ಸತ್ತ ಹೆಂಗಸು ಅತ್ತು ಮುಗಿಸುವ ಮೊದಲೇ ಬಾಡಿಗೆ ಮನೆ ಹುಡುಕುತ್ತ ಅಲೆಯಬೇಕು. ಇದನ್ನು ನಂಬಿಕೆ ಅಂತ ಗೌರವಿಸೋಕೆ ನನಗೆ ಮನಸ್ಸಿಲ್ಲ. ಯಾರಾದರೂ ನಿಮ್ಮ ತಂದೆಯ ಹೆಸರು ಹೇಳಿ ದುಡ್ಡು ಕೇಳಿದರೆ ಕೊಡಬೇಡಿ.

ಆದರೆ ದೊಡ್ಡಪ್ಪನನ್ನು ಆ ಸಾಲಿಗೆ ಸೇರಿಸಬೇಡಿ. ಅವರು ತಮ್ಮನನ್ನು ಕಳೆದುಕೊಂಡವರು. ‘ಅವನ ಹೆಸರಲ್ಲಿ ಏನಾದರೂ ಮಾಡೋಣ, ನನಗೆ ತಡೆಯೋಕೆ ಆಗ್ತಿಲ್ಲ’ ಅನ್ನುವುದನ್ನು ಅವರ ವಯಸ್ಸಿನ ಗಂಡಸರು ನೇರವಾಗಿ ಹೇಳುವುದು ಕಮ್ಮಿ. ‘ಮನೆಗೆ ಒಳ್ಳೇದಾಗಲ್ಲ’ ಅಂತಾರೆ.

ನಂಬದೆ ಮಾಡಿದರೆ ನಾಟಕ ಅಲ್ವಾ ಅಂತ ಕೇಳಿದಿರಿ. ಅಲ್ಲ. ನಂಬಿದ್ದೇನೆ ಅಂತ ತೋರಿಸಿಕೊಂಡರೆ ನಾಟಕ. ಅಪ್ಪನಿಗೆ ಇಷ್ಟವಾದ ಹೋಳಿಗೆ ಮಾಡಿ, ಎಲೆಗೆ ಬಡಿಸಿ, ‘ಇದು ಅವರಿಗೆ ತಲುಪುತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಅವರ ನೆನಪಿಗೆ ಮಾಡಿದ್ದೀನಿ’ ಅಂತ ಬಾಯಿಬಿಟ್ಟು ಹೇಳಿದರೆ ಅದರಲ್ಲಿ ಸುಳ್ಳೆಲ್ಲಿದೆ? ಅಮ್ಮನಿಗೆ ಎಡೆ ಬೇಡವಾದರೆ ಅವತ್ತು ಲಿಂಗಪೂಜೆ ಮಾಡಿ ನಾಲ್ಕು ಜನಕ್ಕೆ ದಾಸೋಹ ಮಾಡಿ. ದೊಡ್ಡಪ್ಪನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಬಡಿಸಿ. ಅಥವಾ ದೊಡ್ಡಪ್ಪನ ಮನೆಯ ಎಡೆಗೆ ನೀವೇ ಹೋಗಿಬನ್ನಿ, ಅಮ್ಮ ಮನೆಯಲ್ಲಿರಲಿ. ಇಬ್ಬರನ್ನೂ ಒಂದೇ ಮಾತಿಗೆ ಒಪ್ಪಿಸಬೇಕು ಅಂತ ಮಾತ್ರ ಹೊರಡಬೇಡಿ. 12ನೇ ಶತಮಾನದಿಂದ ಆಗಿಲ್ಲ, ಈ ಅಮಾವಾಸ್ಯೆಯೊಳಗೆ ಆಗುವುದೂ ಇಲ್ಲ.

ಕೊನೆಗೆ ಮಗಳು. ಏಳು ವರ್ಷದ ಮಕ್ಕಳಿಗೆ ಸತ್ತವರು ತಿರುಗಿ ಬರುವುದಿಲ್ಲ, ದೇಹ ಕೆಲಸ ನಿಲ್ಲಿಸಿದೆ, ಎಲ್ಲರೂ ಒಂದು ದಿನ ಸಾಯುತ್ತಾರೆ ಅನ್ನುವುದು ಸಾಮಾನ್ಯವಾಗಿ ಅರ್ಥವಾಗಿರುತ್ತದೆ. ಹಾಗಾಗಿ ‘ಅಜ್ಜ ಮಲಗಿದ್ದಾರೆ’ ಅನ್ನಬೇಡಿ. ರಾತ್ರಿ ಮಲಗೋಕೆ ಹೆದರುವ ಮಕ್ಕಳಿದ್ದಾರೆ. ‘ಊರಿಗೆ ಹೋಗಿದ್ದಾರೆ’ ಅಂತಲೂ ಬೇಡ. ನನಗೆ ಹೇಳದೆ ಯಾಕೆ ಹೋದರು ಅನ್ನುವ ಸಿಟ್ಟು ಉಳಿಯುತ್ತದೆ. ‘ಅಜ್ಜ ಸತ್ತುಹೋದರು, ಅವರ ದೇಹ ಊರಿನಲ್ಲಿ ಸಮಾಧಿಯಲ್ಲಿದೆ’ ಅಂತ ನೇರವಾಗಿ ಹೇಳಿ. ಅದು ಪಕ್ಕಾ ಗೊತ್ತಿರುವ ಭಾಗ. ಮುಂದಿನದನ್ನು ಕೇಳಿದರೆ ‘ನನಗೆ ಗೊತ್ತಿಲ್ಲ, ಅಜ್ಜಿಯನ್ನು ಕೇಳು, ದೊಡ್ಡಜ್ಜನನ್ನೂ ಕೇಳು’ ಅನ್ನಿ. ಇಬ್ಬರೂ ಬೇರೆ ಬೇರೆ ಹೇಳುತ್ತಾರೆ ಅಂತ ಮೊದಲೇ ತಿಳಿಸಿಬಿಡಿ.